ಅರ್ಧ ದಿನದ ಬಿಡುವು

ಮಾರ್ಚ್ ೧೨, ಮಂಗಳವಾರ

ಮಗಳು ನನ್ನನ್ನು ಬಿಡಲಿಲ್ಲ. ಅದೇ ತಲೆಯಲ್ಲಿ ಕೊರೆಯುತ್ತಿದೆ. ನಾಳಿನ ಸಮಾಜದ ಬಗ್ಗೆ ಚಿಂತಕರನ್ನು ಮಾತಾಡಿಸುವ ಅವಳ ರೇಡಿಯೋ ಕಾರ್ಯಕ್ರಮಕ್ಕೆ ಇವತ್ತು ನಾನೇ ಅತಿಥಿ. ಅರ್ಥಶಾಸ್ತ್ರದ ಮೇಷ್ಟ್ರು, ಮೇಲಾಗಿ ಅಪ್ಪ, ನಯವಾಗಿ ಮಾತಾಡಿಸಿ ಕಳಿಸುತ್ತಾಳೆ ಎಂದುಕೊಂಡಿದ್ದೆ. ಕೂತ ಕೂಡಲೇ ನನ್ನದೇ ಹಳೆಯ ಭಾಷಣ ಹಾಕಿದಳು: ಯಂತ್ರಗಳು ಬಂದರೆ ಎಲ್ಲರಿಗೂ ಅರ್ಧ ದಿನ ಬಿಡುವು.

"ಎಲ್ಲಿ ಸರ್, ಆ ಬಿಡುವು?"

ಸರ್ ಅಂತೆ. ಪೈಪೋಟಿ, ಮಾರುಕಟ್ಟೆ ಎಂದು ಏನೇನೋ ಹಾರಿಕೆಯ ಮಾತಾಡಿದೆ. ಅವಳು ತುಟಿ ಬಿಚ್ಚದೆ ಕಾದಳು. ಮೌಖಿಕ ಪರೀಕ್ಷೆಯಲ್ಲಿ ನಾನು ಕಾಯುತ್ತಿದ್ದುದೂ ಹಾಗೆಯೇ. ಕೊನೆಗೆ ಬಾಯಿಬಿಟ್ಟೆ.

"ಯಂತ್ರ ಎಷ್ಟು ಹೊತ್ತು ಉಳಿಸುತ್ತೆ ಅಂತ ಲೆಕ್ಕ ಹಾಕ್ದೆ. ಉಳಿದಿದ್ದು ಯಾರ ಪಾಲಾಗುತ್ತೆ ಅಂತ ಯೋಚನೆ ಮಾಡ್ಲೇ ಇಲ್ಲ."

ಹೊರಗೆ ಬಂದ ಮೇಲೆ ಕೈ ಹಿಡಿದುಕೊಂಡಳು. "ಬೇಜಾರಾಯ್ತಾ ಅಪ್ಪ? ಬೇಕಾದ್ರೆ ಅಷ್ಟು ತೆಗೆದುಬಿಡ್ತೀನಿ."

"ತೆಗೆದು ನೋಡು, ಆಮೇಲಿದೆ ನಿನಗೆ."

ಇಷ್ಟು ವರ್ಷ ಪಾಠ ಹೇಳಿದೆ, ಒಬ್ಬನೂ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ಶನಿವಾರ ಪ್ರಸಾರವಾಗುತ್ತೆ, ತಪ್ಪದೆ ಕೇಳಿ ಎಂದು ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಬಂದೆ.

"ಸೋತಿದ್ದನ್ನ ಯಾರಾದ್ರೂ ಹೀಗೆ ಸಾರ್ಕೊಂಡು ಬರ್ತಾರಾ?" ಎಂದಳು ಹೆಂಡತಿ.

ತಮ್ಮನಿಗಿನ್ನೂ ಹೇಳಿಲ್ಲ. ಈ ಹೊತ್ತಿಗೆ ಮಲಗಿರುತ್ತಾನೆ, ಪಾಪ. ಎಬ್ಬಿಸಿದರೆ ಬೈಯುತ್ತಾನೆ. ಬೈಯಲಿ, ಫೋನ್ ಎಲ್ಲಿಟ್ಟೆನೋ