ಒಬ್ಬರಿಗೆ ಒಂದೇ ಮೇಣಬತ್ತಿ

ಇಳಕಲ್
3 ಫೆಬ್ರುವರಿ 2026

ಮೊಮ್ಮಗಳು ಶ್ರುತಿಗೆ ಅಜ್ಜಿ ಸಾರವ್ವ ಮಾಡುವ ಆಶೀರ್ವಾದ. ಅದು ಮುಗಿಯಿತು, ಇನ್ನು ಬೈಗುಳ.

ಪಕ್ಕದ ಮನೆಯ ಆಫ್ರೀನಳ ಮೊಬೈಲಿಗೆ ದಿನಾ ಬೆಳಗ್ಗೆ ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿಬಿಟ್ಟರೆ ನನಗೆ ನಿನ್ನ ಕ್ಷೇಮಸಮಾಚಾರ ಮುಟ್ಟಿತು ಅಂತ ತಿಳಿದಿದ್ದೀಯಾ? ನಾನೇನು ಹೂ ಮಾರುವವಳೇ? ನೀನಿರುವ ಹೈಫಾದಲ್ಲಿ ಸೈರನ್ ಕೂಗಿತು ಅಂತ ಟಿವಿಯವರು ಹೇಳಿದ ದಿನವೂ ಅದೇ ಗುಲಾಬಿ! ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಕರೆದುಕೊಂಡು ನೆಲಮಾಳಿಗೆಗೆ ಓಡಿದೆಯೋ, ಆಮೇಲೆ ಉಂಡೆಯೋ, ಒಂದು ಸಾಲು ಬರೆದರೆ ಬೆರಳು ಸವೆಯುತ್ತದೆಯೇ?

ನಾನೂ ತಡ ಮಾಡಿದ್ದೇನೆ, ಇಲ್ಲ ಅನ್ನುವುದಿಲ್ಲ. ಬಾಗಲಕೋಟೆಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದೆ. ಈಗ ಆಫ್ರೀನಳ ಮಗ್ಗದ ಮೇಲಿನ ಸೀರೆಯ ದಡಿ ನಮ್ಮ ಕಟ್ಟೆಯಿಂದಲೇ ಕಾಣುತ್ತದೆ. ಕನ್ನಡಿಯಲ್ಲಿ ನನ್ನ ಸುಕ್ಕುಗಳೂ ಕಾಣುತ್ತವೆ, ಅದಕ್ಕೇನು ಅವಸರವಿತ್ತೋ. ಶಿರೂರಿನ ಸಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ನಗಬೇಡ. ಆಫ್ರೀನ ಇದರ ಫೋಟೋ ತೆಗೆದು ಕಳಿಸುತ್ತಾಳೆ.

ಸಮಾಚಾರ ಕೇಳು. ಮೊನ್ನೆ ಭಾನುವಾರ ಸಂಜೆ ಊರಿನ ಮೂರೂ ಕ್ರೈಸ್ತ ಸಭೆಯವರು ಕೂಡಿ, ಯುದ್ಧಗಳು ನಿಲ್ಲಲಿ ಅಂತ ಪ್ರಾರ್ಥನೆ ಮಾಡಿದೆವು. ನಮ್ಮ ಸಭೆ, ಫಾದರ್ ಅವರ ಕಥೋಲಿಕ ಸಭೆ, ಬಸ್ ಸ್ಟ್ಯಾಂಡಿನ ಹಿಂದಿನ ತಗಡಿನ ಸೂರಿನ ಪ್ರಾರ್ಥನಾ ಮನೆ. ಶಾಂತಿಗಾಗಿ ಎಲ್ಲಿ ಕೂಡಬೇಕು ಅಂತ ಮೊದಲು ಒಂದು ತಿಂಗಳು ಜಗಳವಾಡಿದರು. ಕಡೆಗೆ ಫಾದರ್ ಕಡೆ ಬೆಂಚು ಹೆಚ್ಚು ಅಂತ ಅಲ್ಲಿಗೆ ಹೋದೆವು. ಪ್ರಾರ್ಥಿಸೋಣ ಅಂದರೆ ಅವರ ಜನ ಮೊಣಕಾಲೂರಿದರು, ನಮ್ಮವರು ಕೂತಲ್ಲೇ ತಲೆ ಬಗ್ಗಿಸಿದರು, ಪ್ರಾರ್ಥನಾ ಮನೆಯವರು ಎದ್ದು ನಿಂತು ಕೈ ಎತ್ತಿದರು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಕೂಡಿಯೇ ಶುರು ಮಾಡಿದೆವು. ಅವರ ಪುಸ್ತಕದ ಮಾತು ಬೇರೆ, ನಮ್ಮದು ಬೇರೆ. ಒಬ್ಬರು ಮುಂದೆ, ಒಬ್ಬರು ಹಿಂದೆ, ಹೇಗೋ ಆಮೆನ್ ಹೊತ್ತಿಗೆ ಎಲ್ಲರೂ ಬಂದು ಮುಟ್ಟಿದೆವು.

ಒಂದೇ ಸಭೆಯವರು ಪಕ್ಕಪಕ್ಕದಲ್ಲಿ ಕೂರಬಾರದು ಅಂತ ನಮ್ಮ ಪಾಸ್ಟರ್ ಅಯ್ಯನವರ ಹೊಸ ಕಾನೂನು. ಅದಕ್ಕೇ ನನ್ನ ಪಕ್ಕಕ್ಕೆ ನಿನ್ನವ್ವ ಸುಮಾ ಬಂದಳು. ಮುಖ ತಿರುವಬೇಡ, ಓದು. ಕಿರಾಣಿ ಅಂಗಡಿಯ ಇನ್ನಾಸಪ್ಪನನ್ನು ಮರುಮದುವೆಯಾದ ಮೇಲೆ ಅವಳು ಅವನ ಕಥೋಲಿಕ ಸಭೆಗೇ ಹೋಗುತ್ತಾಳೆ, ಅಲ್ಲಿರದೆ ಇನ್ನೆಲ್ಲಿರುತ್ತಾಳೆ? ಆ ಮದುವೆಗೆ ಸಿಟ್ಟಾಗಿ ಅವಳ ಕೂಡ ಮಾತು ಬಿಟ್ಟವಳು ನೀನು, ನಾನಲ್ಲ.

ಆಮೇಲೆ ಮೇಣಬತ್ತಿ. ಒಬ್ಬೊಬ್ಬರು ಹೋಗಿ, ಬಡಿದಾಟ ನಡೆದಿರುವ ಒಂದು ನಾಡಿನ ಹೆಸರು ಹೇಳಿ ಒಂದು ಹಚ್ಚಬೇಕು. ಒಬ್ಬರು ಮಣಿಪುರ ಅಂದರು, ಒಬ್ಬರು ಗಾಜಾ, ಒಬ್ಬರು ಯುಕ್ರೇನ, ಒಬ್ಬರು ಇಸ್ರಾಯೇಲ, ಒಬ್ಬರು ಸುಡಾನ. ಅದೆಲ್ಲಿದೆಯೋ. ನಿನ್ನವ್ವ ಎದ್ದು ಹೋದಳು. ಸೆರಗಿನೊಳಗಿಂದ ಇಡೀ ಪೊಟ್ಟಣ ತೆಗೆದು, ಉರಿಯುವ ಒಂದೊಂದು ಬತ್ತಿಯ ಮಗ್ಗುಲಿಗೂ ಇನ್ನೊಂದನ್ನು ಹಚ್ಚುತ್ತಾ ಹೊರಟಳು.

"ಸುಮಾ, ಒಬ್ಬರಿಗೆ ಒಂದ ಬತ್ತಿರಿ ತಂಗಿ," ಅಂದರು ಫಾದರ್, ಮೆಲ್ಲಗೆ.

"ಗಂಡ ಅಂಗಡಿ ಇಟ್ಟಾನ, ಹಚ್ಚಲಿ ಬಿಡ್ರಿ," ಅಂತ ಹಿಂದಿನಿಂದ ಯಾರೋ ಚುಚ್ಚಿದರು.

ಸುಮಾ ತಿರುಗಿ ನೋಡಲಿಲ್ಲ. "ನನ್ನ ಮಗಳು ಯಾವ ದೇಶದಾಗ ಅದಾಳಂತ ನನಗ ಗೊತ್ತಿಲ್ರಿ ಫಾದರ್. ಅದಕ್ಕ ಎಲ್ಲಾಕ್ಕೂ ಹಚ್ಚತೇನಿ. ಯಾವುದರೆ ಒಂದು ಆಕೀದು ಆಗಿರ್ತೈತಿ."

ಕೀಬೋರ್ಡ್ ಬಾರಿಸುತ್ತಿದ್ದ ಹುಡುಗನೂ ಕೈ ತೆಗೆದ. ನೀನು ಹೋಗುವಾಗ ನನ್ನ ಕೈಯನ್ನು ಬೈಬಲಿನ ಮೇಲೆ ಇಡಿಸಿ, "ಅವ್ವಗ ಹೇಳಬ್ಯಾಡ" ಅಂದಿದ್ದೆ. ಇಷ್ಟು ದಿನ ಹೇಳಲಿಲ್ಲ. ಆಫ್ರೀನಳ ಬಾಯನ್ನೂ ನಾನೇ ಹೊಲಿದಿದ್ದೆ. ಆಗ ಮಾತ್ರ ಕೂತಲ್ಲಿಂದಲೇ ಕೂಗಿಬಿಟ್ಟೆ: "ಹೈಫಾ! ಇಸ್ರಾಯೇಲದಾಗ ಐತಿ! ಒಬ್ಬ ಮುದುಕಿನ್ನ ನೋಡಿಕೊಳ್ಳೋ ಕೆಲಸ. ಅರಾಮ ಅದಾಳ!" ನನ್ನ ದನಿ ನಿನಗೆ ಗೊತ್ತು, ಬೀದಿಗೂ ಕೇಳಿರಬೇಕು. ಮಾತು ಮುರಿದೆ. ಬೈಯುವುದಿದ್ದರೆ ಬೈ, ಆದರೆ ಬರೆದು ಬೈ.

ಇಸ್ರಾಯೇಲದ ಮಗ್ಗುಲಿಗೆ ಸುಮಾ ಹಚ್ಚಿದ ಬತ್ತಿ ಆಗಲೇ ಉರಿಯುತ್ತಿತ್ತು. ಇನ್ನು ಸಾಕು ಅಂತ ಬರುತ್ತಾಳೆ ಅಂದುಕೊಂಡೆ. ಸುಡಾನದ್ದು ಬಾಕಿಯಿತ್ತು, ಅದನ್ನೂ ಹಚ್ಚಿಯೇ ಬಂದು ಕೂತಳು.

ಕಡೆಗೆ, ಪಕ್ಕದವರಿಗೆ ಕೈ ಮುಗಿದು ‘ಸಮಾಧಾನ’ ಅನ್ನಿರಿ ಅಂದರು ಫಾದರ್. ಅವರಲ್ಲಿ ಅದು ವಾರವಾರದ ಪದ್ಧತಿಯಂತೆ. ಸುಮಾ ನನ್ನ ಕಡೆ ತಿರುಗಿ ಕೈ ಮುಗಿದಳು. "ಸಮಾಧಾನ, ಅತ್ತಿ." ಇನ್ನೂ ಅತ್ತೆ ಅನ್ನುತ್ತಾಳೆ, ನೋಡು. "ಅಷ್ಟೂ ಸುಟ್ಟ ಬಂದಿ, ಕರೆಂಟ ಹೋದ್ರ ಮನ್ಯಾಗ ಏನ ಹಚ್ಚತಿ?" ಅಂದೆ. ನಕ್ಕಳು.

ಹೊತ್ತಿಗೆ ಸರಿಯಾಗಿ ಉಣ್ಣು. ಸೈರನ್ ಕೂಗಿದಾಗ ಚಪ್ಪಲಿ ಹುಡುಕುತ್ತಾ ನಿಲ್ಲಬೇಡ. ಅಲ್ಲಿಯ ಮುದುಕಿಗೆ ಇಲ್ಲಿಯ ಮುದುಕಿಯ ನಮಸ್ಕಾರ ಹೇಳು. ದೇವರ ಕೈ ನಿಮ್ಮಿಬ್ಬರ ತಲೆಯ ಮೇಲೂ ಇರಲಿ.

ನಿನ್ನ ಅಜ್ಜಿ
ಸಾರವ್ವ

ತಾ.ಕ.: ನೀನು ಹೋದಾಗಿನಿಂದ, ಟಿವಿಯಲ್ಲಿ ಯಾವ ದೇಶದಲ್ಲಿ ಬಾಂಬು ಬಿತ್ತು ಅಂದರೂ ಸುಮಾ ನನ್ನ ಬಾಗಿಲಿಗೆ ಬರುತ್ತಿದ್ದಳು. ಕರೆದರೆ ಒಳಗೆ ಬರುತ್ತಿರಲಿಲ್ಲ. "ಅತ್ತಿ, ಅಲ್ಲೇನು ನಮ್ಮ ಹುಡುಗಿ?" ಅಷ್ಟೇ ಕೇಳುವುದು. ಪ್ರಾರ್ಥನೆ ಮುಗಿದ ಮೇಲೆ ನಿನ್ನ ನಂಬರು ಬರೆದ ಚೀಟಿ ಕೊಡಲು ಹೋದೆ. ನನ್ನ ಕೈಯನ್ನೇ ಮಡಚಿದಳು. "ಆಕಿ ಕೊಟ್ರ ತಗೊಂತೇನಿ. ನೀವು ಕೊಟ್ರ ಕದ್ದಂಗ ಆಗ್ತೈತಿ," ಅಂದಳು.

ಅಪ್ಪನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ನಿನ್ನ ಸಿಟ್ಟು. ಪ್ರಭು ನಿನಗೆ ಅಪ್ಪ, ನನಗೆ ಹೊಟ್ಟೆಯ ಮಗ. ಅವನು ಮಣ್ಣಿನಲ್ಲಿದ್ದಾನೆ, ಅವನ ಫೋನು ಬರುವುದಿಲ್ಲ ಅಂತ ತಿಳಿದುಕೊಂಡೇ ನಾನು ಬದುಕಿದ್ದೇನೆ. ಬದುಕಿರುವ ಮಗಳ ಫೋನು ಯಾಕೆ ಬರುವುದಿಲ್ಲ ಅಂತ ಸುಮಾಗೆ ಏನು ಹೇಳಲಿ? ನೀನು ಮಾಡಬಹುದು ಅಂತ ಅವಳು ಹಳೆಯ ನಂಬರನ್ನೇ ಇಟ್ಟುಕೊಂಡಿದ್ದಾಳೆ. ಮಾರ್ಚ್ ತಿಂಗಳು ಹುಟ್ಟುವುದರೊಳಗೆ ಉತ್ತರ ಬರಬೇಕು. ನನಗಲ್ಲ.