ಆರ್ವೆಓಲ್ ಕುದಿಸಿದವಳು

ವೊಸ್,
9 ನವೆಂಬರ್ 1958

ಪ್ರೀತಿಯ ಗೆಳತಿ ಸಿನ್ನೇವೆ,

ಹೇಗಿದ್ದೀಯೇ? ಮಕ್ಕಳ ಕೆಮ್ಮು ನಿಂತಿತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಅಪ್ಪ ಹೋದರು. ಮಣ್ಣು ಮಾಡಿ ವಾರವಾಯಿತು. ಅಂದು ನಾನು ಮಾಡಿದ್ದು ಊರೆಲ್ಲ ಸುದ್ದಿಯಾಗಿದೆ. ಬೇರೆಯವರು ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ಹೊಲ, ಮನೆ ಎಲ್ಲ ತಮ್ಮ ಹೆರ್ಮುಂಡನಿಗೆ. ಕಾನೂನಿನಲ್ಲಿ ಗಂಡೇ ಮೊದಲಂತೆ. ಬೆರ್ಗೆನ್ ಪಟ್ಟಣದಲ್ಲಿ ಗುಮಾಸ್ತನಾಗಿರುವ ಅವನು ಎಲ್ಲವನ್ನೂ ಮಾರುತ್ತಾನಂತೆ. ಬಾರ್ಲಿ ಬೆಳೆದವಳು ನಾನು!

ತಿಥಿಯೂಟದ ಬಿಯರನ್ನೂ ನಾನೇ ಕುದಿಸಿದೆ. ಯೀಸ್ಟ್ ಹಾಕುವಾಗ ಬಿಯರಿಗೆ ಕಸುವು ಬರಲೆಂದು ವಾಡಿಕೆಯಂತೆ ಗಟ್ಟಿಯಾಗಿ ಕೂಗಬೇಕಲ್ಲ, ನಿಲ್ಸ್ ಚಿಕ್ಕಪ್ಪ ಅಡ್ಡ ಬಂದರು. "ಸಾವಿನ ಮನೇಲಿ ಕೂಗ್ತೀಯೇನೇ? ಜನ ಏನಂದಾರು?"

"ಕೂಗದಿದ್ರೆ ಸಪ್ಪೆಯಾಗುತ್ತೆ ಚಿಕ್ಕಪ್ಪ. ಅಪ್ಪನ ಹೆಸರಲ್ಲಿ ಸಪ್ಪೆನೀರು ಕುಡಿಸಲ್ಲ," ಎಂದವಳೇ ಯೀಸ್ಟ್ ಸುರಿದು ಗಂಟಲು ಹರಿಯುವಂತೆ ಕೂಗಿದೆ. ಕೊಟ್ಟಿಗೆಯ ಹಸುಗಳೂ ಬೆಚ್ಚಿದವು.

ಊಟದ ಹೊತ್ತಿಗೆ ಹೆರ್ಮುಂಡ ನೇರವಾಗಿ ಅಪ್ಪನ ಕುರ್ಚಿಗೆ ಹೊರಟ. ತೋಳು ಹಿಡಿದು ನಿಲ್ಲಿಸಿದೆ.

"ಈ ಊಟಕ್ಕೆ ಆರ್ವೆಓಲ್ ಅಂತ ಯಾಕಂತಾರೆ ಗೊತ್ತೇನೋ?"

"ಇದೇನಕ್ಕಾ, ಈಗ ಪಾಠ?"

"ಆರ್ವ್ ಅಂದ್ರೆ ಪಿತ್ರಾರ್ಜಿತ, ಓಲ್ ಅಂದ್ರೆ ಬಿಯರು. ಹಿಂದೆಲ್ಲ ವಾರಸುದಾರ ಊರಿಗೆ ಬಿಯರು ಕೊಟ್ಟು, ತಾನೂ ಕುಡಿದಮೇಲೇ ಆ ಕುರ್ಚಿ ಹತ್ತಬೇಕಿತ್ತು. ಅಲ್ಲೀವರೆಗೆ ಕುರ್ಚಿ ಮುಂದಿನ ಮೆಟ್ಟಿಲ ಮೇಲೇ ಕೂರಬೇಕಿತ್ತು. ಇದನ್ನ ಕುದಿಸಿದ್ದು ಯಾರು, ನೀನಾ?"

ಈ ಮಾತಿನ ಹುಟ್ಟನ್ನು ಅಪ್ಪ ಹೇಳಿಕೊಟ್ಟದ್ದು ಅವನಿಗೇ. ಒಲೆ ಊದುತ್ತಿದ್ದ ನನ್ನ ಕಿವಿಗೂ ಬಿದ್ದಿತ್ತು, ಅಷ್ಟೆ.

"ಅದೆಲ್ಲ ಅಜ್ಜಿಕಥೆ. ಆಸ್ತಿ ಪತ್ರ ನೋಡು," ಎಂದ.

"ಪತ್ರ ನೀನೇ ಇಟ್ಕೋ. ಮಾರೋವಾಗ ಕುರ್ಚಿ ಜೊತೆ ನನ್ನನ್ನೂ ಎತ್ತಿಸಬೇಕು!"

ಬಿಯರಿನ ಬಟ್ಟಲನ್ನು ಒಂದೇ ಉಸಿರಿಗೆ ಬರಿದು ಮಾಡಿ ಅಪ್ಪನ ಕುರ್ಚಿಯಲ್ಲಿ ಕೂತೆ. ಆಮೇಲೆ ಪಕ್ಕದ ಮನೆಯ ಮುದುಕ ಆಸ್ಲಾಕ್ ಬಟ್ಟಲು ಚಾಚಿ, "ಸುರಿಯಮ್ಮಾ ಮನೆಯೊಡತಿ, ಗಂಟಲು ಒಣಗ್ತಿದೆ," ಎಂದ. ಅಷ್ಟೇ ಸಾಕಾಯಿತು, ಒಬ್ಬೊಬ್ಬರಾಗಿ ಎಲ್ಲರೂ ಚಾಚಿದರು. ಹೆರ್ಮುಂಡ ಸಂಜೆಯ ರೈಲು ಹತ್ತಿದ. ವಕೀಲನನ್ನು ಕಳಿಸುತ್ತಾನಂತೆ. ಕಳಿಸಲಿ! ಬಿತ್ತನೆ ಬೀಜ ಆಗಲೇ ತೆಗೆದಿಟ್ಟಿದ್ದೇನೆ.

ನಿನ್ನ ಒಲೆ ಆರದಿರಲಿ, ಮಕ್ಕಳು ಗಟ್ಟಿಯಾಗಿ ಬೆಳೆಯಲಿ.

ನಿನ್ನ
ಗುನ್‌ವೋರ್

ಮ.ವಿ.: ಮರೆತಿದ್ದೆ ಎಂದರೆ ಸುಳ್ಳು, ಬರೆಯಲು ಕೈ ಬರಲಿಲ್ಲ. ಕೊನೆಗೆ ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಹಿಂದೆ ನಾನು ಕುದಿಸಿಟ್ಟಿದ್ದ ಬಿಯರನ್ನೇ ಚಮಚದಲ್ಲಿ ಕುಡಿಸಿದೆ. ಚಪ್ಪರಿಸಿದರು. ನನ್ನ ಕೈ ಹಿಡಿದುಕೊಂಡು, "ಏನು ಕೈಗುಣವೋ ಹೆರ್ಮುಂಡಾ! ಈ ಮನೆ ನಿನ್ನಿಂದ ಉಳಿಯುತ್ತೆ ಕಣೋ," ಎಂದರು.

"ಹೂಂ ಅಪ್ಪಾ," ಎಂದೆ.