ಇಂಜಿನ್ನಿಗೆ ಬಿದ್ದ ಕುಸುಬಿ ಎಣ್ಣಿ

ತಮ್ಮಾ ಗುರುಲಿಂಗ,

ನೀ ಹೊಲದಿಂದ ಬರೂದರಾಗ ನಾ ಸಿಂದಗಿ ಬಸ್ಸಿಗೆ ಹೋಗಿರ್ತೇನಿ. ಇನ್ನ ನೆಗೆಣ್ಣಿ ಮನ್ಯಾಗ ಇರ್ತೇನಿ, ಕರಿಯಾಕ ಬರಬ್ಯಾಡ. ರೊಟ್ಟಿ ಬುಟ್ಟ್ಯಾಗ ಅದಾವು.

ಬಾವಿ ಇಂಜಿನ್ ದುರಸ್ತಿ ಆಗಿ ಬಂದ ಮ್ಯಾಲೆ ಹಾಕಾಕ ಇಂಡಿಯಿಂದ ಹೊಸಾ ಎಣ್ಣಿ ತರಿಸಿ ಪಡಸಾಲ್ಯಾಗ ಇಟ್ಟೇನಿ. ಮುಂದ ತರೂವಾಗ ಡಬ್ಬಿ ಮ್ಯಾಲೆ ಡೀಜೆಲ್ ಇಂಜಿನ್ ಎಣ್ಣಿ ಅಂತ ಬರೆದಿದ್ರ ಮಾತ್ರ ತಗೋ. ಸಸ್ತಾ ಸಿಗ್ತೈತಂತ ಮೋಟರ್‌ಸೈಕಲ್ ಎಣ್ಣಿ ತರಬ್ಯಾಡ. ಬ್ಯಾಸಗಿಗೆ ದಪ್ಪಂದು, ನಾಲ್ವತ್ತು ನಂಬರ್; ಚಳಿಗಾಲಕ್ಕ ತೆಳ್ಳಂದು, ಮೂವತ್ತು. ಹಳೇ ಎಣ್ಣಿ ಇಂಜಿನ್ ಬಿಸಿ ಇದ್ದಾಗನ ಪೂರ್ತಿ ಇಳಸು. ಹೊಸಾದು ನಾಕ ದಿನಕ್ಕ ಕರ್ರಗಾದ್ರ ಗಾಬರಿ ಆಗಬ್ಯಾಡ. ಒಳಗಿನ ಮಸಿ ತಾ ಹೊತ್ಕೊಂಡು ಕರ್ರಗಾಗೂದ ಛಲೋ ಎಣ್ಣಿ ಲಕ್ಷಣ.

ಅಡಗಿ ಎಣ್ಣಿ ಡಬ್ಬಿ ಮಾತ್ರ ಅದರ ಬಾಜೂಕ ಇಡಬ್ಯಾಡ. ಇಂಜಿನ್ ಹಿಡದು ನಿಂತದ್ದು ಕುಸುಬಿ ಎಣ್ಣಿಯಿಂದ ಅನ್ನೂದು ಖರೆ. ಸುರುವಿದಾಕಿ ನಾನಲ್ಲ. ಗಂಡ ಸತ್ತು ಈ ಮನಿಗೆ ಬಂದಾಗಿಂದ ಹನ್ನೊಂದು ವರ್ಷ ಆ ಇಂಜಿನ್ ನಾನ ನಡಸೇನಿ. ನಿನ್ನ ಹೇಂತಿ ಹೊಸಬಳು. ಎರಡೂ ಡಬ್ಬಿ ಒಂದ ನಮೂನಿ ಇದ್ವು, ಆಕಿಗೆ ಗುರ್ತ ಸಿಗಲಿಲ್ಲ. ಬಸುರಿ ಹೆಣ್ಮಗಳು, ಏನೂ ಅನಬ್ಯಾಡ. ಊರಾಗ ಆ ತಪ್ಪಿಗೆ ನನ್ನ ಹೆಸರ ಇರ್ಲಿ.

ನಿನ್ನೆ ಮಂದಿ ಮುಂದ ನೀ ನನ್ನ ತೋರಿಸಿ, "ಈಕಿ ಕಾಲಗುಣನ ಹಂಗ, ಮುಟ್ಟಿದ್ದೆಲ್ಲಾ ಕೆಡ್ತೈತಿ" ಅಂದಿ.

"ಅಕ್ಕಾ, ಅದನ್ನ ನೀನ ಹಾಕಿದಿ ಏನು?" ಅಂತ ಒಂದ ಮಾತ ಕೇಳಿದ್ರ ಸಾಕಿತ್ತು. ಆಕಿ ಸಲುವಾಗಿ ಹೌದಂತ ಸುಳ್ಳ ಹೇಳಿ, ಬೈಸ್ಕೊಂಡು, ಇಲ್ಲೇ ಇರ್ತಿದ್ನಿ.

ನೀ ಕೇಳಲಿಲ್ಲ.

ಹೊನ್ನವ್ವ